ರೋಗ ಅವರದು, ಸುದ್ದಿಯೂ ಅವರದು

ಶೋಕಸಭೆಯಲ್ಲಿ ಮೈಕು ನನ್ನ ಕೈಗೂ ಬಂತು. "ಅಕ್ಕೋರೇ, ಡಾಕ್ಟ್ರು ನಿಮ್ಮನೆ ಜನದ ಹಾಂಗೇ ಇದ್ರಲ್ಲ, ನಾಲ್ಕು ಮಾತು ಹೇಳಿ" ಎಂದು ಸಂಘಟಕರು ಕುರ್ಚಿಯ ಹತ್ತಿರವೇ ತಂದು ಕೊಟ್ಟರು. ಗಂಟಲು ಕಟ್ಟಿದೆ ಎಂದು ಹೇಳಿ ಪಕ್ಕದವರಿಗೆ ದಾಟಿಸಿಬಿಟ್ಟೆ. ಪಾಪ, ಅಕ್ಕೋರಿಗೆ ದುಃಖ ಉಕ್ಕಿ ಬಂತು ಎಂದುಕೊಂಡರು ಎಲ್ಲರೂ. ಉಕ್ಕಿ ಬಂದದ್ದು ಹೌದು, ಆದರೆ ಅದು ದುಃಖವಲ್ಲ. ನನಗಿಂತ ಮೊದಲು ಮಾತಾಡಿದವರೆಲ್ಲ ಒಬ್ಬರೂ ಬಿಡದೆ ಒಂದೇ ಮಾತು ಹೇಳಿದ್ದರು: ಈ ಡಾಕ್ಟರು ಜನ್ಮದಲ್ಲಿ ರೋಗಿಯ ಮುಂದೆ ಸುಳ್ಳಾಡಿದವರಲ್ಲ. ನಿಜ, ರೋಗಿಯ ಮುಂದೆ ಆಡಲಿಲ್ಲ. ಅದಕ್ಕೆ ನಾನೇ ಸಾಕ್ಷಿ. ಆದರೆ ರೋಗಿಯ ಹೆಂಡತಿಯ ಮುಂದೆ ಆಡಿದರಲ್ಲ, ಅದಕ್ಕೂ ನಾನೇ ಸಾಕ್ಷಿ. ಅದನ್ನು ಮೈಕಿನಲ್ಲಿ ಹೇಳುವ ಹಾಗಿರಲಿಲ್ಲ. ಅದಕ್ಕೇ ಈಗ ಬರೆಯಲು ಕೂತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಹೊನ್ನಾವರದವರಿಗೆ ಹೆಸರು ಬೇಕಾಗಿಲ್ಲ, ಹೊರಗಿನವರಿಗೆ ಅದರಿಂದ ಆಗಬೇಕಾದ್ದೂ ಇಲ್ಲ. ನಮ್ಮಲ್ಲಿ ಅವರನ್ನು "ಹೌದ್ರಿ ಡಾಕ್ಟ್ರು" ಎಂದೇ ಕರೆಯುತ್ತಿದ್ದರು. ಹುಬ್ಬಳ್ಳಿ ಕಡೆಯವರು. ನಮ್ಮ ಊರಿನಲ್ಲಿ ಸಣ್ಣ ಆಸ್ಪತ್ರೆ ಕಟ್ಟಿ ಇಲ್ಲೇ ಮುದುಕರಾದರೂ ಮಾತು ಮಾತ್ರ ಘಟ್ಟ ಇಳಿಯಲಿಲ್ಲ. "ಕುಂದರ್ರಿ", "ಬಾಯಿ ತಗೀರಿ", "ಯಾಕ್ರಿ ಇಷ್ಟ್ ದಿನ ಸುಮ್ಮನಿದ್ರಿ?" ಎಂದು ಗದರಿದರೆ ಹೊರಗೆ ಬೆಂಚಿನ ಮೇಲೆ ಕೂತವರೂ ಬಾಯಿ ತೆರೆಯಬೇಕು, ಅಷ್ಟು ದೊಡ್ಡ ಗಂಟಲು. ಮೀನು ತಿನ್ನದ ಮನುಷ್ಯ ಮೀನಿನ ಊರಿಗೆ ಬಂದು, ಮೊದಮೊದಲು ಬಂದರಿನ ರಸ್ತೆಯಲ್ಲಿ ಮೂಗಿಗೆ ಕರವಸ್ತ್ರ ಹಿಡಿದು ನಡೆಯುತ್ತಿದ್ದರಂತೆ. ಆಮೇಲಾಮೇಲೆ ವಾಸನೆಯಿಂದಲೇ ಇವತ್ತು ಬಂಗಡೆ ಬಂದಿದೆಯೋ ತಾರ್ಲೆ ಬಂದಿದೆಯೋ ಹೇಳುವಷ್ಟಾಗಿದ್ದರು.

ಗಿಡ್ಡ ಆಳು, ಬೋಳು ತಲೆ, ಅರ್ಧ ತೋಳಿನ ಅಂಗಿ. ಸಣ್ಣ ಕಾಯಿಲೆಯವರಿಗೆ ಬೈಗುಳ ಖಾತ್ರಿ. ಜ್ವರ ಬಂದು ಮೂರು ದಿನ ಮನೆಯಲ್ಲಿ ಕಷಾಯ ಕುಡಿದು ಬಂದವರಿಗಂತೂ ಮಂಗಳಾರತಿಯೇ. ದೊಡ್ಡ ಕಾಯಿಲೆಯವರ ಹತ್ತಿರ ಮಾತ್ರ ಧ್ವನಿ ಇಳಿಸಿ ಮಾತಾಡುವರು. ಹಾಗಾಗಿ ನಮ್ಮ ಕಡೆ ಒಂದು ಮಾತೇ ಹುಟ್ಟಿಕೊಂಡಿತ್ತು. ಯಾರಾದರೂ ಆಸ್ಪತ್ರೆಯಿಂದ ಮುಖ ಸಣ್ಣ ಮಾಡಿಕೊಂಡು ಬಂದರೆ, "ಡಾಕ್ಟ್ರು ಬೈದ್ರಾ? ಹಾಂಗಾದ್ರೆ ಎಂತ ಇಲ್ಲ ಬಿಡು, ಬದುಕ್ತೆ" ಎನ್ನುವರು.

ನನಗೂ ಅವರಿಗೂ ಗುರುತಾದದ್ದು ಕೊಂಕಣಿಯಿಂದ. ನಾನು ಹೈಸ್ಕೂಲಿನಲ್ಲಿ ಕನ್ನಡ ಅಕ್ಕೋರು. ಹುಟ್ಟಿ ಬೆಳೆದದ್ದು ಕೊಂಕಣಿ ಆಡುವ ಖಾರ್ವಿ ಮೀನುಗಾರರ ಕೇರಿಯ ಪಕ್ಕದಲ್ಲಾದ್ದರಿಂದ ಕೊಂಕಣಿ ನನ್ನ ಬಾಯಲ್ಲಿ ಸಲೀಸು. ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲಿ. ಒಂದು ಸಂಜೆ ಆಸ್ಪತ್ರೆಯ ಆಯಾ ಓಡಿ ಬಂದು, "ಡಾಕ್ಟ್ರು ಕರೀತ್ರು, ಸ್ವಲ್ಪ ಬರ್ಬೇಕಂತೆ" ಎಂದಳು. ಹೋದರೆ ಒಳಗೆ ಮೀನು ಮಾರುವ ಒಬ್ಬ ಅಜ್ಜಿ ಕೂತಿದ್ದಾಳೆ, ನರ್ಸು ಮುಖ ಕೆಂಪಗೆ ಮಾಡಿಕೊಂಡು ನಿಂತಿದ್ದಾಳೆ.

ಡಾಕ್ಟರು ನನ್ನನ್ನು ಬಾಗಿಲಲ್ಲೇ ನಿಲ್ಲಿಸಿ ಹೇಳಿದರು: "ನೋಡ್ರಿ ಅಕ್ಕೋರ, ಕ್ಯಾನ್ಸರಿಗೆ ಕೊಂಕಣಿಯೊಳಗೂ ಕ್ಯಾನ್ಸರ್ ಅಂತನ ಅಂತಾರ ಹೌದಿಲ್ರಿ? ಈಕಿ ಎರಡು ಸಲ ಹೇಳಿದ್ಲು, ಎರಡೂ ಸಲ ಆ ಶಬ್ದ ನನ್ನ ಕಿವಿಗೆ ಬೀಳಲಿಲ್ಲ. ಮ್ಯಾಲೆ ಅಜ್ಜಿ ನಕ್ಕಳು. ನಾ ಹೇಳಿದ ಮಾತಿಗೆ ಯಾರೂ ನಗಂಗಿಲ್ರಿ."

ನರ್ಸು ಮೆಲ್ಲಗೆ, "ಪಾಪ ಅಲ್ವಾ ಅಕ್ಕೋರೇ, ಹೊಟ್ಟೆಯಲ್ಲಿ ಸಣ್ಣ ಗಾಯ ಅಂದೆ" ಎಂದಳು.

"ಪಾಪ ಅಂತ ಹೇಳಿ ಹೊರಗ ಹೋಗಿ ಕುಂದ್ರು" ಎಂದರು ಡಾಕ್ಟರು.

ಅವತ್ತು ನಾನು ನೋಡಿದ್ದನ್ನು ಮುಂದೆ ಎಷ್ಟೋ ವರ್ಷ ನೋಡಿದೆ. ಅವರು ಫೋನನ್ನು ಮೇಜಿನ ಖಾನೆಯೊಳಗೆ ಹಾಕಿ ಮುಚ್ಚಿದರು. ತಮ್ಮ ದೊಡ್ಡ ಕುರ್ಚಿ ಬಿಟ್ಟೆದ್ದು, ಒಂದು ಸ್ಟೂಲು ಎಳೆದುಕೊಂಡು ಮೇಜಿನ ಈಚೆ ಕಡೆ, ಅಜ್ಜಿಯ ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಬಂದು ಕೂತರು. ನೇರ ರೋಗದ ಮಾತು ಎತ್ತಲಿಲ್ಲ. "ನಿಮಗ ಏನಾಗೇತಿ ಅಂತ ನಿಮಗ ಅನಸ್ತೈತಿ?" ಎಂದು ಕೇಳಿದರು. ನಾನು ಕೊಂಕಣಿಯಲ್ಲಿ ಕೇಳಿದೆ. ಅಜ್ಜಿ ನನ್ನ ಮುಖ ನೋಡಿ, ಮನೆಯಲ್ಲಿ ಎಲ್ಲ ಇದ್ದಕ್ಕಿದ್ದಂತೆ ತನ್ನನ್ನು ಚೆನ್ನಾಗಿ ನೋಡಿಕೊಳ್ಳುತ್ತಿದ್ದಾರೆ, ಅದಕ್ಕೇ ತನಗೆ ಹೆದರಿಕೆ ಎಂದಳು. ಅದನ್ನು ಕನ್ನಡಕ್ಕೆ ಹೇಳುವಾಗ ನನಗೆ ನಗುವೂ ಬಂತು, ಕಣ್ಣೂ ತುಂಬಿತು.

ಡಾಕ್ಟರು ಚೀಟಿಯ ಹಿಂದುಗಡೆ ಹೊಟ್ಟೆಯ ಚಿತ್ರ ಬರೆದರು. ಅವರು ಬರೆದ ಹೊಟ್ಟೆ ಯಾವಾಗಲೂ ಬದನೆಕಾಯಿಯ ಹಾಗೆ ಇರುತ್ತಿತ್ತು. ಎಲ್ಲಿ ಗಡ್ಡೆ ಇದೆ ಎಂದು ತೋರಿಸಿ, ಕ್ಯಾನ್ಸರ್ ಎಂಬ ಶಬ್ದವನ್ನು ಹೇಳಿ, ಬಾಯಿ ಮುಚ್ಚಿದರು. ಆ ಮೌನ ನನ್ನಿಂದ ತಡೆಯಲಾಗಲಿಲ್ಲ, ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆದೆ. ಅವರು ಕೈ ಎತ್ತಿ ತಡೆದರು. ಆಮೇಲೆ ನನಗೆ ಹೇಳಿದ್ದು ಇದು: "ಹೇಳೂದು ಎಲ್ಲಾರೂ ಹೇಳ್ತಾರ್ರಿ. ಹೇಳಿದ ಮ್ಯಾಲೆ ಬಾಯಿ ಮುಚ್ಚೂದು ಕಷ್ಟ. ನಮ್ಮ ಕಾಲೇಜಿನ್ಯಾಗ ಅದನ್ನ ಕಲಸಂಗಿಲ್ಲ."

ಅಜ್ಜಿ ಮೊದಲು ಕೇಳಿದ್ದು, ನೋವಾಗುತ್ತದಾ ಎಂದು. "ಆಗತೈತಿ. ಅದಕ್ಕ ಔಷಧ ಐತಿ. ನಾ ಕೊಡತೀನಿ" ಎಂದರು. "ಏನೂ ಆಗಂಗಿಲ್ಲ" ಎಂದು ಮಾತ್ರ ಅವರ ಬಾಯಿಂದ ಬರುತ್ತಿರಲಿಲ್ಲ. ಯಾವ ನರ್ಸಾದರೂ ರೋಗಿಗೆ ಹಾಗೆ ಹೇಳಿದ್ದು ಕೇಳಿಸಿದರೆ ಅವಳ ಕಥೆ ಮುಗಿಯಿತು. ಕೊನೆಗೆ ಕೇಳಿದರು, "ಮನ್ಯಾಗ ಯಾರಿಗೆ ಹೇಳಲಿ?"

ಅಜ್ಜಿ ಯೋಚಿಸಿ ಹೇಳಿದಳು, ಸೊಸೆಗೆ ಹೇಳಿ, ಮಗನಿಗೆ ಬೇಡ. ಅವ ಅಳುತ್ತ ಮನೆಯಲ್ಲಿ ಕೂತರೆ ದೋಣಿಗೆ ಹೋಗುವವರು ಯಾರು?

ಹೊರಗೆ ಆ ಮಗ ಗೋಡೆಗೆ ಒರಗಿ ನಿಂತಿದ್ದ, ಕಟ್ಟುಮಸ್ತಾದ ಆಳು. "ನಮ್ಮ ಅಬ್ಬೆಗೆ ಎಂತ ಆಗದೆ ಡಾಕ್ಟ್ರೇ?" ಎಂದ. "ಅವರನ್ನ ಕೇಳ್ರಿ" ಎಂದು ಹೇಳಿ ಡಾಕ್ಟರು ಮುಂದೆ ಹೋದರು.

ಇದು ಅವರ ಕಾನೂನು. ರೋಗಿ ಒಳಗೆ, ಮಂದಿ ಹೊರಗೆ. ಮೊದಲು ರೋಗಿಗೆ ಹೇಳುವುದು, ಮತ್ತೆ ಯಾರಿಗೆ ಹೇಳಬೇಕೆಂದು ರೋಗಿಯನ್ನೇ ಕೇಳುವುದು. ಬೇಡ ಎಂದವರಿಗೆ ಹೇಳುವುದಿಲ್ಲ. ಅವರು ಬಂದು ಕೇಳಿದರೆ, "ಅವರನ್ನ ಕೇಳ್ರಿ." ಇಷ್ಟೇ. "ರೋಗ ಅವರದು, ಸುದ್ದೀನೂ ಅವರದು. ನಾ ಯಾರ್ರೀ ಹಂಚಾಕ?" ಎನ್ನುವರು.

ನಮ್ಮ ಕಡೆಯ ಪದ್ಧತಿ ಇದಕ್ಕೆ ಪೂರಾ ಉಲ್ಟಾ ಎಂಬುದು ಗೊತ್ತಿದ್ದವರಿಗೆ ಮಾತ್ರ ಈ ಕಾನೂನು ಎಷ್ಟು ದೊಡ್ಡದೆಂದು ತಿಳಿಯುತ್ತದೆ. ನಮ್ಮಲ್ಲಿ ಕಾಯಿಲೆ ಒಬ್ಬರದು, ಅದು ಗೊತ್ತಿರುವುದು ಉಳಿದ ಎಲ್ಲರಿಗೆ. ಭಾವನಿಗೆ ಗೊತ್ತು, ಮುಂಬೈಯ ಮಾವನಿಗೆ ಗೊತ್ತು, ಹಾಲು ಕೊಡುವವಳಿಗೂ ಗೊತ್ತು. ರೋಗಿಗೆ ಮಾತ್ರ ಬರೇ ಗ್ಯಾಸ್ಟ್ರಿಕ್ ಎಂದು ಹೇಳಿರುತ್ತಾರೆ. ಕ್ಯಾನ್ಸರ್ ಎಂಬ ಹೆಸರನ್ನೂ ಬಾಯಲ್ಲಿ ಆಡುವುದಿಲ್ಲ, "ಆ ಕಾಯಿಲೆ" ಎನ್ನುತ್ತೇವೆ, ಹಾವನ್ನು ಹುಳ ಎನ್ನುವ ಹಾಗೆ.

ಭಟ್ಕಳದ ಒಬ್ಬ ಬೋಟಿನ ಯಜಮಾನರು ಬಂದಿದ್ದರು. ಅವರ ದೊಡ್ಡ ಮಗ ದುಬೈಯಿಂದ ಅವತ್ತು ಬೆಳಿಗ್ಗೆಯಷ್ಟೇ ಇಳಿದು ನೇರ ಆಸ್ಪತ್ರೆಗೇ ಬಂದಿದ್ದ. ಬಾಗಿಲಲ್ಲಿ ಡಾಕ್ಟರ ಎರಡೂ ಕೈ ಹಿಡಿದುಕೊಂಡ. "ಸಾಹೇಬ್ರೆ, ಅಬ್ಬಾಗೆ ಮಾತ್ರ ಹೇಳಬೇಡಿ, ಅವರ ಹಾರ್ಟು ಬಹಳ ವೀಕು."

"ಅವರ ಹಾರ್ಟ್ ನಾ ನೋಡೀನ್ರಿ, ನಿಮ್ಮದಕ್ಕಿಂತ ಗಟ್ಟಿ ಐತಿ. ನೀವ್ ಹೊರಗ ಕುಂದ್ರಿ."

ಆ ಯಜಮಾನರಿಗೆ ಕನ್ನಡ ಬರುತ್ತಿತ್ತು, ನಾನು ಒಳಗಿರಲಿಲ್ಲ. ಆದರೆ ಯಾರಿಗೆ ಹೇಳಲಿ ಎಂದು ಕೇಳಿದಾಗ ಅವರು ಮಗನ ಹೆಸರು ಹೇಳಲಿಲ್ಲವಂತೆ. ಒಂದು ಬೋಟಿನ ಪಾಲಿನ ವಿಷಯಕ್ಕೆ ಮಾತು ಬಿಟ್ಟಿದ್ದ ತಮ್ಮನಿಗೆ ಹೇಳಿ ಎಂದರಂತೆ. ಡಾಕ್ಟರೇ ಫೋನು ಮಾಡಿದರು. ಆ ತಮ್ಮ ಸಂಜೆ ಬಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಅಣ್ಣನ ಪಕ್ಕ ಕೂತು ಅತ್ತದ್ದನ್ನು ನಾನು ಶಾಲೆಯಿಂದ ಬರುವಾಗ ನೋಡಿದೆ. ಮುಂದಿನ ತಿಂಗಳುಗಳಲ್ಲಿ ಅಣ್ಣನನ್ನು ಎಲ್ಲ ಕಡೆ ಕರೆದುಕೊಂಡು ಹೋಗುತ್ತಿದ್ದವನು ಆ ತಮ್ಮನೇ. ಆ ಸಲ ನಾನು ಊರೆಲ್ಲ ಹೇಳಿಕೊಂಡು ತಿರುಗಿದೆ: ನೋಡಿ, ಸಾಯುವುದು ಗೊತ್ತಿದ್ದದ್ದಕ್ಕೆ ಅವರಿಗೆ ತಮ್ಮ ಸಿಕ್ಕಿದ. ಗೊತ್ತಿಲ್ಲದಿದ್ದರೆ ಸಿಗುತ್ತಿದ್ದನೇ?

ಎಲ್ಲರಿಗೂ ಹೀಗೆ ಒಳ್ಳೆಯದೇ ಆಯಿತು ಎಂದೇನಲ್ಲ. ಇಡಗುಂಜಿ ಹತ್ತಿರದ ಒಬ್ಬರು ವಿಷಯ ಕೇಳಿಸಿಕೊಂಡು ಮನೆಗೆ ಹೋಗಿ ಮಲಗಿದವರು ಮತ್ತೆ ಔಷಧಕ್ಕೂ ಬರಲಿಲ್ಲ. ಅವರ ಅಣ್ಣತಮ್ಮಂದಿರು ಜೀಪು ಮಾಡಿಕೊಂಡು ಬಂದು ಆಸ್ಪತ್ರೆಯ ಎದುರು ಕೂಗಾಡಿದರು. ಅವತ್ತು ಡಾಕ್ಟರು ನಮ್ಮ ಮನೆಗೆ ಬಂದು ಜಗಲಿಯಲ್ಲಿ ತಲೆ ಬಗ್ಗಿಸಿ ಕೂತರು. "ತಪ್ಪ್ ಮಾಡಿದ್ನೇನ್ರಿ ಅಕ್ಕೋರ?" ಎಂದರು. ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿ ಭಾಷಣ ಬಿಗಿದೆ. ತಪ್ಪಿಲ್ಲ, ಸುಳ್ಳು ಹೇಳಿ ಬದುಕಿಸಿದವರು ಯಾರೂ ಇಲ್ಲ, ನೀವು ನಿಮ್ಮ ಕಾನೂನು ಬಿಡಬೇಡಿ. ಅಷ್ಟು ಜೋರಾಗಿ ಅವರ ಪರ ವಾದಿಸಿದವಳು ಈ ತಾಲೂಕಿನಲ್ಲಿ ನಾನೊಬ್ಬಳೇ ಇರಬೇಕು.

ನಮ್ಮ ಮನೆಯವರು ಅವತ್ತು ಅಲ್ಲೇ ಚಾ ಹಿಡಿದುಕೊಂಡು ನಿಂತಿದ್ದರು. ಅವರಿಗೆ ಕುಮಟಾದಲ್ಲಿ ಮೋಟಾರು ರಿವೈಂಡಿಂಗ್ ಅಂಗಡಿ. ಆಸ್ಪತ್ರೆಯ ಪಂಪು, ಜನರೇಟರು ಕೆಟ್ಟರೆ ಇವರೇ ಹೋಗಬೇಕು. ಹಾಗೆ ಡಾಕ್ಟರಿಗೂ ಇವರಿಗೂ ಸ್ನೇಹ ಬೆಳೆದು, ಭಾನುವಾರ ಸಂಜೆ ಬಂದರೆ ಇಬ್ಬರೂ ಜಗಲಿಯಲ್ಲಿ ಕೂತು ಜಗತ್ತಿನ ಎಲ್ಲ ಯಂತ್ರ ಬಿಚ್ಚಿ ಜೋಡಿಸುವರು. ಇವರು ಮಾತು ಕಡಿಮೆ, ನಗು ಜಾಸ್ತಿ. ನನ್ನ ಬೈಗುಳಕ್ಕೆ ಉತ್ತರ ಕೊಟ್ಟವರೇ ಅಲ್ಲ. "ನಿಮ್ಮನೆಯೊಳಗ ಸಪ್ಲೈ ಜೋರ ಐತಿ, ಲೋಡ್ ಕಮ್ಮಿ" ಎಂದು ಡಾಕ್ಟರು ಚೇಷ್ಟೆ ಮಾಡುತ್ತಿದ್ದರು. ನಮಗೆ ಮಕ್ಕಳಿಲ್ಲ. ಇದ್ದದ್ದು ನಾವಿಬ್ಬರೇ, ಮೂರನೆಯವರು ಅಂದರೆ ಈ ಡಾಕ್ಟರು.

ಬರುಬರುತ್ತ ನಮ್ಮ ಮನೆಯವರಿಗೆ ಊಟ ಸೇರದೆ ಹೋಯಿತು. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿತು ಎನ್ನುವರು. ನಾನೇ ಗದರಿಸಿ ಡಾಕ್ಟರ ಹತ್ತಿರ ಕಳಿಸಿದೆ. ಡಾಕ್ಟರು ನೋಡಿ, ಮಂಗಳೂರಿನಲ್ಲಿ ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಿಸಬೇಕು, ತನಗೂ ಅಲ್ಲಿ ಕೆಲಸವಿದೆ ಎಂದು ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಗಡಿಬಿಡಿ, ನನಗೆ ರಜೆ ಇಲ್ಲ. ಇಂಥ ಸ್ನೇಹಿತ ಯಾರಿಗೆ ಸಿಗುತ್ತಾನೆ ಎಂದು ಹೆಮ್ಮೆಪಟ್ಟೆ. ವರದಿ ಬಂದ ಸಂಜೆ ಡಾಕ್ಟರು ಮನೆಗೆ ಬಂದರು. ಕೂರಲಿಲ್ಲ, ಅಂಗಳದಲ್ಲೇ ನಿಂತರು.

"ಎಂತ ಬಂತು ಡಾಕ್ಟ್ರೇ?"

"ಹುಣ್ಣು ಆಗೈತ್ರಿ. ಅಲ್ಸರ್. ಗುಳಿಗಿ ಬರದೀನಿ. ಏನೂ ಆಗಂಗಿಲ್ಲ ಅಕ್ಕೋರ."

ನೋಡಿ, ಅವರ ಬಾಯಿಂದ ನಾನು ಎಂದೂ ಕೇಳದ ಮಾತು ನನ್ನ ಅಂಗಳದಲ್ಲಿ ನಿಂತು ಬಂತು. ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಒತ್ತಕ್ಷರ ತಪ್ಪಿದರೆ ಕೆಂಪು ಶಾಯಿ ಹಾಕುವ ನಾನು ಅದನ್ನು ಹಿಡಿಯಲಿಲ್ಲ. ಹಿಡಿಯುವುದಾದರೂ ಹೇಗೆ? ಈ ಮನುಷ್ಯ ಸುಳ್ಳು ಹೇಳುವುದಿಲ್ಲ ಎಂದು ಊರಿಗೆಲ್ಲ ಸಾರಿದವಳೇ ನಾನಲ್ಲವೇ? ಬೇರೆ ಯಾವ ಡಾಕ್ಟರು ಹೇಳಿದ್ದರೂ ಅನುಮಾನಪಡುತ್ತಿದ್ದೆ. ಇವರು ಅಲ್ಸರ್ ಎಂದ ಮೇಲೆ ಅಲ್ಸರೇ. ದೇವರಿಗೆ ಕೈ ಮುಗಿದು ಒಳಗೆ ಹೋಗಿ ಗಂಜಿಗೆ ಇಟ್ಟೆ.

ಅಲ್ಲಿಂದ ನಮ್ಮ ಮನೆಯಲ್ಲಿ ಪಥ್ಯ ಶುರುವಾಯಿತು. ನಾನು ಒಂದು ಹಿಡಿದರೆ ಬಿಡುವವಳಲ್ಲ. ಖಾರ ಬಂದ್, ಹುಳಿ ಬಂದ್, ಮೀನು ಬಂದ್. ಗಂಜಿ, ಎಳನೀರು, ಮಜ್ಜಿಗೆ. ಮೂರು ಹೊತ್ತೂ ಮೀನಿನ ಸಾರಿಲ್ಲದೆ ಉಣ್ಣದ ಮನುಷ್ಯ ತುಟಿಪಿಟಕ್ಕೆನ್ನದೆ ಕುಡಿದರು. ಒಂದು ಸಲ ಮಾತ್ರ, ಪಕ್ಕದ ಮನೆಯಿಂದ ಸಿಗಡಿ ಸಾರಿನ ವಾಸನೆ ಬರುತ್ತಿತ್ತು, "ಒಂಚೂರು ಶೆಟ್ಲಿ ಸಾರು ಮಾಡ್ತ್ಯನೆ, ನಾಲಗೆ ಸತ್ತೇ ಹೋಗದೆ" ಎಂದರು. "ಹುಣ್ಣು ಮಾಯ್ಲಿ ಮೊದ್ಲು. ಮಳೆಗಾಲ ಮುಗ್ದು ಬೋಟು ಇಳಿದ್ಮೇಲೆ ಹೊಸ ಶೆಟ್ಲಿ ತಂದು ಬೇಕಷ್ಟು ಮಾಡ್ತೆ" ಎಂದೆ. "ಆತು" ಎಂದರು. ಬೋಟು ಇಳಿಯುವವರೆಗೆ ತಾನಿರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಆತು ಎಂದರು.

ಡಾಕ್ಟರಿಗೂ ಗೊತ್ತಿತ್ತು. ನನಗೆ ಇವತ್ತಿಗೂ ನುಂಗಲಾಗದ್ದು ಇದು. ಅವರು ಭಾನುವಾರ ಬರುವುದನ್ನು ಬಿಟ್ಟಿರಲಿಲ್ಲ. ನಾನು ಅವರ ಎದುರೇ ಗಂಡನಿಗೆ ಬೈಯುತ್ತಿದ್ದೆ: "ಪಥ್ಯ ಸರಿ ಮಾಡ್ದೆ ಗುಣ ಆಗು ಅಂದ್ರೆ ಎಲ್ಲಿಂದ ಆಗ್ತದೆ? ಅಂಗಡಿಗೆ ಹೋಗಿ ಕದ್ದು ಎಂತ ತಿಂತ್ರು ಕೇಳಿ ಡಾಕ್ಟ್ರೇ, ನೋಡಿ, ಹ್ಯಾಂಗೆ ಸೊರಗಿದ್ರು!" ಡಾಕ್ಟರು ಗಂಜಿಯ ಬಟ್ಟಲನ್ನು ನೋಡುವರು, ಅಂಗಳವನ್ನು ನೋಡುವರು. "ಸ್ವಲ್ಪ ಏನಾರ ರುಚಿ ಹತ್ತಿದ್ದು ತಿನ್ಲಿ ಬಿಡ್ರಿ" ಎಂದು ಒಮ್ಮೆ ಗೊಣಗಿದ್ದುಂಟು. ನಾನು ಅವರ ಮೇಲೇ ಏರಿ ಹೋದೆ: "ನೀವೇ ಹಿಂಗೆ ಸಲಿಗೆ ಕೊಟ್ರೆ ಅವ್ರು ನನ್ನ ಮಾತು ಕೇಳ್ತ್ರಾ?" ಸುಮ್ಮನಾದರು. ಆ ಮೌನ ಒಳ್ಳೆಯದೆಂದು ಯಾವ ಕಾಲೇಜಿನಲ್ಲಿ ಕಲಿಸಿದ್ದರೋ!

ಮಳೆ ಜೋರಿದ್ದ ಒಂದು ಮಧ್ಯಾಹ್ನ ಇವರು ರಕ್ತ ಕಾರಿದರು. ಆಟೋದಲ್ಲಿ ಆಸ್ಪತ್ರೆಗೆ ತಲುಪುವಷ್ಟರಲ್ಲಿ ಪ್ರಜ್ಞೆ ಇರಲಿಲ್ಲ. ಅವರನ್ನು ಒಳಗೆ ಮಲಗಿಸಿ ಬಂದು ಡಾಕ್ಟರು ನನ್ನನ್ನು ತಮ್ಮ ಕೋಣೆಗೆ ಕರೆದರು. ಫೋನನ್ನು ಖಾನೆಯೊಳಗೆ ಹಾಕಿದರು. ಸ್ಟೂಲನ್ನು ಎಳೆದುಕೊಂಡು ಮೇಜಿನ ಈಚೆಗೆ ಬಂದರು.

ಅವರು ಬಾಯಿ ತೆರೆಯುವುದೇ ಬೇಕಾಗಿರಲಿಲ್ಲ. ಆ ಸ್ಟೂಲು ಹಾಗೆ ಬರುವುದನ್ನು ಎಷ್ಟೋ ಜನರ ಪಕ್ಕ ಕೂತು ನೋಡಿದವಳು ನಾನು.

"ಯಾವಾಗಿಂದ ಗೊತ್ತು ನಿಮ್ಗೆ?"

"ಮಂಗಳೂರಿಂದ ವರದಿ ಬಂದಾಗಿಂದ."

"ಇವ್ರಿಗೆ?"

"ಮೊದಲ ಅವರಿಗೇ ಹೇಳಿದ್ನಿ. ಯಾರಿಗೆ ಹೇಳಲಿ ಅಂತ ಕೇಳಿದ್ನಿ. ಯಾರಿಗೂ ಬ್ಯಾಡ, ಅಕ್ಕೋರಿಗೆ ಮೊದಲ ಬ್ಯಾಡ ಅಂದ್ರು. ಆಕಿಗೆ ಗೊತ್ತಾದ್ರ ಬೈಯೂದು ಬಿಡ್ತಾಳ, ಅಳಾಕ ಹತ್ತತಾಳ, ನನಗ ಆಕಿ ಬೈಗುಳ ಬೇಕು ಅಂದ್ರು. ಕೀಮೋಕ್ಕೂ ಒಪ್ಪಲಿಲ್ಲ. ಮಂಗಳೂರಿಗೆ ಎಡತಾಕಿದ್ರ ನಿಮಗ ತಿಳಿತೈತಿ ಅಂತ. ಅದರಿಂದ ಭಾಳ ಉಪಯೋಗ ಆಗ್ತಿರಲಿಲ್ಲ ಅಕ್ಕೋರ, ಖರೇನ ಹೇಳತೀನಿ."

"ಖರೇನ" ಎನ್ನುವ ಶಬ್ದ ಅವರ ಬಾಯಲ್ಲಿ ಕೇಳಿ ನನ್ನ ಮೈ ಉರಿಯಿತು.

"ರೋಗ ಅವರದು..." ಎಂದು ಶುರುಮಾಡಿದರು.

"ಸುಮ್ನಿರಿ" ಎಂದೆ. "ಸುದ್ದಿಯೂ ಅವ್ರದು. ಇರ್ಲಿ. ನೀವು ಹೇಳ್ದೆ ಇದ್ದದ್ದಕ್ಕೆ ನಾ ಕೇಳುದಲ್ಲ. ಹೊರಗೆ ನಿಂತ ಎಲ್ಲರಿಗೂ ನೀವು ಅವರನ್ನೇ ಕೇಳ್ರಿ ಅಂತ್ರಿ. ಸುಳ್ಳು ಯಾರಿಗೂ ಹೇಳುದಿಲ್ಲ. ನನ್ಗೆ ಎಂತಕ್ಕೆ ಹೇಳಿದ್ರಿ?"

ಅವರು ತಲೆ ಎತ್ತಲಿಲ್ಲ. "ಉಳಿದವರಿಗೆ ಅವರನ್ನ ಕೇಳ್ರಿ ಅಂದ್ರ ಅದು ಬರೇ ಮಾತು. ನಿಮಗ ಅಂದಿದ್ರ ಅಲ್ಲೇ ಎಲ್ಲಾ ತಿಳೀತಿತ್ತಲ್ರೀ. ನನ್ನ ಕಾನೂನು ಗೊತ್ತಿದ್ದವರು ನೀವೊಬ್ಬರ. ಅವರಿಗೆ ಕೊಟ್ಟ ಮಾತ ಉಳಸಾಕ ನಿಮಗ ಸುಳ್ಳ ಹೇಳಬೇಕಾತು."

ಅಂದರೆ ಹೀಗೆ. ಏನೂ ಅರಿಯದವಳಾಗಿದ್ದರೆ ನನಗೆ ಸುಳ್ಳು ಸಿಗುತ್ತಿರಲಿಲ್ಲ. ಅವರ ಪಕ್ಕದಲ್ಲಿ ಕೂತು, ಅವರ ಮಾತನ್ನು ಅಕ್ಷರ ಬಿಡದೆ ಕೊಂಕಣಿಗೆ ದಾಟಿಸಿ, ಅವರ ಕಾನೂನನ್ನು ಬಾಯಿಪಾಠ ಮಾಡಿಕೊಂಡಿದ್ದಕ್ಕೆ ನನಗೆ ಸಿಕ್ಕ ಬಹುಮಾನ ಅದು.

ನಮ್ಮ ಮನೆಯವರು ಮತ್ತೆ ಎಚ್ಚರಾಗಲಿಲ್ಲ. ಎರಡು ದಿನ ಅವರ ಕೈ ಹಿಡಿದು ಕೂತೆ. ಕೇಳಿಸುತ್ತದೋ ಇಲ್ಲವೋ ಎಂದು ಗೊತ್ತಾಗದೆ ಏನೇನೋ ಹೇಳಿದೆ. ಮೂರನೆಯ ದಿನ ಬೆಳಿಗ್ಗೆ ಹೋದರು.

ಗಂಡನ ಮೇಲೆ ಸಿಟ್ಟಿಲ್ಲವೇ ಎಂದು ನನ್ನ ತಂಗಿ ಕೇಳಿದ್ದಳು. ಇದೆ, ಇಲ್ಲದೆ ಏನು? ನನ್ನ ಬೈಗುಳ ಬೇಕೆಂದು ನನ್ನನ್ನು ಕತ್ತಲೆಯಲ್ಲಿಟ್ಟು ಹೋದವರಿಗೆ ಈಗ ಬೇಕಾದಷ್ಟು ಬೈಯುತ್ತೇನೆ, ಫೋಟೋದ ಎದುರು ನಿಂತು. ಆದರೆ ಸತ್ತವರ ಹತ್ತಿರ ಜಗಳ ಎಷ್ಟು ದಿನ ನಡೆಯುತ್ತದೆ? ಮಾತಿಗೆ ಮಾತು ಬೇಕಲ್ಲ. ಉಳಿದವರು ಡಾಕ್ಟರು. ಹದಿಮೂರನೆಯ ದಿನಕ್ಕೆ ಬಂದು ಜಗಲಿಯ ತುದಿಯಲ್ಲಿ ಕೂತರು. ಚಾ ಕೊಡಲು ನಾನು ಹೊರಗೆ ಹೋಗಲಿಲ್ಲ. ಆಮೇಲೆ ಯಾರೋ ಕೊಂಕಣಿಯವರು ಬಂದಿದ್ದಾರೆ ಎಂದು ಆಯಾಳನ್ನು ಕಳಿಸಿದರು. "ನಂಗೆ ಕೊಂಕಣಿ ಮರ್ತೋಯ್ತು ಅಂತ ಹೇಳು" ಎಂದೆ. ಮತ್ತೆ ಕಳಿಸಲಿಲ್ಲ. ಒಂದೇ ಓಣಿ. ತರಕಾರಿಗೆ ಹೋದರೆ ಎದುರಾಗುವರು, ಬಸ್‌ಸ್ಟ್ಯಾಂಡಿನಲ್ಲಿ ಕಾಣುವರು. ಒಂದು ಸಲ ತಡೆದು ನಿಂತರು, ಬಾಯಿ ತೆರೆದರು. ನಾನು ದಾಟಿ ಹೋದೆ. ಹಾಗೆ ದಾಟಿದರೂ ನನ್ನ ಕಿವಿ ಹಿಂದೆಯೇ ಇತ್ತು. ಕೂಗಿ ಕರೆದಿದ್ದರೆ ನಿಲ್ಲುತ್ತಿದ್ದೆನೋ ಏನೋ. ಊರಿಗೆಲ್ಲ ಗಂಟಲು ಬಿಚ್ಚಿ ಗದರಿಸುವ ಮನುಷ್ಯ ಕರೆಯಲಿಲ್ಲ.

ಆಮೇಲೆ ಅವರಿಗೇ ಆ ಕಾಯಿಲೆ ಬಂತು ಎಂದು ಆಯಾಳಿಂದ ಕೇಳಿದೆ. ನೋಡಲು ಹೋಗಬೇಕೋ ಬೇಡವೋ ಎಂದು ತೂಗುತ್ತಿರುವಾಗಲೇ ಅವರೂ ಹೋದರು.

ಶೋಕಸಭೆ ಮುಗಿದ ಮರುದಿನ ಅವರ ಹೆಂಡತಿಯನ್ನು ಕಾಣಲು ಹೋದೆ. ಆ ತಾಯಿ ನನಗೆ ಯಾವ ಕೆಟ್ಟದನ್ನೂ ಮಾಡಿದವರಲ್ಲ. ನಮ್ಮ ಮನೆಗೆ ಎಷ್ಟೋ ಸಲ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಕಳಿಸಿದವರು. ಅಳುತ್ತ ಕೂತಿರುತ್ತಾರೆ, ನಾನೂ ಜೊತೆಗೆ ಅತ್ತು ಬರೋಣ ಎಂದುಕೊಂಡಿದ್ದೆ. ಅವರು ನೆಟ್ಟಗೆ ಕೂತಿದ್ದರು. ಮುಖದಲ್ಲಿ ದುಃಖವಿತ್ತು, ಆದರೆ ದಿಕ್ಕು ತಪ್ಪಿದವರ ಮುಖವಲ್ಲ ಅದು.

"ಬಂದ್ರ್ಯಾ ಅಕ್ಕೋರ. ನೀವ್ ಬರಬೇಕಂತ ಭಾಳ ಇತ್ತು ನನಗ" ಎಂದು ಪಕ್ಕದಲ್ಲಿ ಕೂರಿಸಿಕೊಂಡರು. "ತಮ್ಮ ರಿಪೋರ್ಟ್ ಬಂದ ದಿನಾನ ನನ್ನ ಕರದು ಮುಂದ ಕುಂದ್ರಿಸಿ ಎಲ್ಲಾ ಹೇಳಿದ್ರು. ಎಷ್ಟ್ ತಿಂಗಳು ಅನ್ನೂದನ್ನೂ ಬಿಡಲಿಲ್ಲ. ನನಗ್ಯಾಕ ಹೇಳ್ತೀರಿ, ನಾ ತಡಕೊಳ್ಳಾಕಿ ಅಲ್ಲ ಅಂತ ಬಡಕೊಂಡು ಅತ್ತೆ. ಆವಾಗ ಅಂದ್ರು, ಅಕ್ಕೋರಿಗೆ ನಾ ಮಾಡಬಾರದ್ದು ಮಾಡೀನಿ, ಅದು ನಿನಗ ಆಗಬಾರದು ಅಂತ."

ಸೆರಗಿನಲ್ಲಿ ಮುಖ ಒರೆಸಿಕೊಂಡು ಅವರೇ ಮುಂದುವರಿಸಿದರು.

"ಆಮ್ಯಾಲೆ ಎಷ್ಟ್ ಮಾತಾಡಿದ್ವಿ ಅಂತೀರಿ! ಮದುವಿ ಆಗಿ ಇಷ್ಟ್ ವರ್ಷದಾಗ ಅಷ್ಟ್ ಮಾತು ಆಡಿರಲಿಲ್ಲ. ದವಾಖಾನಿ ಬಿಟ್ಟರ ಈ ಮನುಷ್ಯಾಗ ಬ್ಯಾರೆ ಏನಿತ್ರಿ? ಹುಬ್ಬಳ್ಳಿಗೆ ಹೋಗಿ ಎಲ್ಲಾರನ್ನೂ ಕಂಡು ಬಂದ್ವಿ. ಹಳೆ ಜಗಳ ಎಲ್ಲಾ ತಗದು ಮತ್ತ ಜಗಳ ಮಾಡಿದ್ವಿ. ಒಂದೊಂದು ದಿನ ಬರೇ ನಕ್ಕೀವಿ. ಅವರು ಇಲ್ಲದ ಮ್ಯಾಲೆ ನಾ ಹೆಂಗಿರಬೇಕು, ಎಲ್ಲಿರಬೇಕು, ಎಲ್ಲಾ ಅವರ ಬಾಯಿಂದನ ಕೇಳೀನಿ." ನನ್ನ ಕೈ ಹಿಡಿದುಕೊಂಡರು. "ಇದೆಲ್ಲಾ ನಿಮ್ಮಿಂದ ಸಿಕ್ಕಿದ್ದು ನನಗ. ನಿಮ್ಮ ಉಪಕಾರ ಮರಿಯಂಗಿಲ್ಲ ಅಕ್ಕೋರ."

ಉಪಕಾರವಂತೆ! ನಾನು ಕೊಟ್ಟದ್ದಲ್ಲ, ನನ್ನಿಂದ ಕಿತ್ತುಕೊಂಡದ್ದು ಅದು. ಮಾಡಬಾರದ್ದು ಮಾಡಿದೆ ಎಂದು ಆ ಮನುಷ್ಯನಿಗೆ ಗೊತ್ತಿತ್ತು. ಅದನ್ನು ಬಾಯಿ ಬಿಟ್ಟು ಹೇಳಲೂ ಬಂತು, ಆದರೆ ಹೆಂಡತಿಗೆ. ನನಗೆ ಬರಬೇಕಾಗಿದ್ದ ಮಾತು ಒಂದೇ ಓಣಿ ದಾಟಿ ನನ್ನ ಮನೆಗೆ ಬರಲಿಲ್ಲ. ಅವರು ತಪ್ಪು ತಿದ್ದಿಕೊಂಡರು, ನಿಜ. ತಿದ್ದಿಕೊಂಡದ್ದು ಅವರ ಮನೆಯಲ್ಲಿ. ನನಗೆ ಹೊಟ್ಟೆಕಿಚ್ಚಾಯಿತು. ಗಂಡ ಸತ್ತು ಇನ್ನೂ ತಿಂಗಳಾಗದ ಹೆಂಗಸಿನ ಮೇಲೆ ಹೊಟ್ಟೆಕಿಚ್ಚುಪಟ್ಟೆ ಎಂದು ಬರೆಯಲು ನಾಚಿಕೆಯಿಲ್ಲ.

ಅವರಿಗೆ ಅದೆಲ್ಲ ತಿಳಿಯಲಿಲ್ಲ. ಒಳ್ಳೆಯ ಮನಸ್ಸಿನಿಂದಲೇ, ನನ್ನ ಕೈ ಸವರುತ್ತ ಕೇಳಿದರು, "ನಿಮ್ಮ ಯಜಮಾನ್ರು ಕಡೀ ಕಡೀಗೆ ನಿಮ್ಮ ಕೂಡ ಏನ್ ಮಾತಾಡ್ತಿದ್ರ ಅಕ್ಕೋರ?"

"ಎಂತ ಮಾತಾಡುದು ಅಮ್ಮಾ" ಎಂದೆ. "ಗಂಜಿಗೆ ಉಪ್ಪು ಸಾಕಾ ಅಂತ ನಾ ಕೇಳ್ತಿದ್ದೆ. ಸಾಕು ಅಂತಿದ್ರು."